ವಿಂಡೋಸ್ 10 ಮುಗಿಯಿತಂತೆ, ಲ್ಯಾಪ್‌ಟಾಪ್ ಇನ್ನೂ ಗಟ್ಟಿಯಾಗಿದೆ. ವಿಂಡೋಸ್ 11 ಹಾಕಿಸಲೋ, ಲಿನಕ್ಸೋ?

ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆಲ್ಲ ಸೇರಿ ಇರುವುದು ಒಂದೇ ಲ್ಯಾಪ್‌ಟಾಪ್. ಇಂಟೆಲ್ ಐ3, 6ನೇ ಜನರೇಷನ್, 4 ಜಿಬಿ ರ್‍ಯಾಮ್, ಒಳಗೆ 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ಇದೆ. ಈಗ ಆನ್ ಮಾಡಿದಾಗೆಲ್ಲ ಸಪೋರ್ಟ್ ಮುಗಿದಿದೆ ಅಂತ ಒಂದು ಪುಟ ಬರುತ್ತದೆ, ಅದನ್ನು ಮುಚ್ಚಿ ಕೆಲಸ ಶುರು ಮಾಡುತ್ತೇವೆ. ಅಂಗಡಿಯವರನ್ನು ಕೇಳಿದೆ. ಇದಕ್ಕೆ 11 ಬರಲ್ಲ, ಹೊಸದು ತಗೊಳ್ಳಿ ಎಂದರು. ಬೆಂಗಳೂರಿನಲ್ಲಿರುವ ತಮ್ಮನನ್ನು ಕೇಳಿದರೆ ಅಕ್ಕಾ ವಿಂಡೋಸ್ ಬದಲು ಲಿನಕ್ಸ್ ಎಂಬ ಸಿಸ್ಟಮ್ ಹಾಕು, ಫ್ರೀ, ಬೆಣ್ಣೆ ಹಾಗೆ ಓಡುತ್ತದೆ ಅಂತಾನೆ. ಅವನು ಸಾಫ್ಟ್‌ವೇರ್ ಇಂಜಿನಿಯರ್, ಅವನಿಗೆ ಎಲ್ಲವೂ ಬೆಣ್ಣೆಯೇ.

ನಮ್ಮ ಬಳಕೆ ಇಷ್ಟು. ನಾನು ಟೈಲರಿಂಗ್ ಲೆಕ್ಕ ಎಕ್ಸೆಲ್‌ನಲ್ಲಿ ಇಡುತ್ತೇನೆ, ಕರೆಂಟ್ ಬಿಲ್ಲು, ಬ್ಯಾಂಕ್ ಎಲ್ಲ ಇದರಲ್ಲೇ. ಮಗ ಸೆಕೆಂಡ್ ಪಿಯು, ಯೂಟ್ಯೂಬ್ ಪಾಠ, ಸಿಇಟಿ ಅರ್ಜಿ, ಸ್ವಲ್ಪ ಪೈಥಾನ್ ಕಲಿಯುತ್ತಿದ್ದಾನೆ. ಮಾವ ರಿಟೈರ್ಡ್ ಮೇಷ್ಟ್ರು, ಪೇಪರ್‌ಗೆ ಲೇಖನ ಬರೆದು ಕಳಿಸುತ್ತಾರೆ. ಒಂದು ಪ್ರಿಂಟರ್ ಇದೆ. ಹೊಸದು ಕೊಳ್ಳುವಷ್ಟು ದುಡ್ಡು ಈಗ ಇಲ್ಲ, ಮಗನನ್ನು ಕಾಲೇಜಿಗೆ ಸೇರಿಸುವಾಗ ಹೇಗೂ ಬೇಕಾಗುತ್ತದೆ. ಅಲ್ಲಿವರೆಗೆ ಏನು ಮಾಡುವುದು? ಕಂಪ್ಯೂಟರ್ ಭಾಷೆ ಬೇಡ, ಮನೆ ಮಾತಿನಲ್ಲಿ ಹೇಳಿ.

ಎಸ್‌ಪಿ ರೋಡ್ ಹುಳ

ಮೇಡಂ, ಮೊದಲು ಒಂದು ಮಾತು. ಸಪೋರ್ಟ್ ಮುಗಿಯಿತು ಅಂದರೆ ಲ್ಯಾಪ್‌ಟಾಪ್ ನಿಂತುಹೋಗುತ್ತದೆ ಅಂತಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ, ಅಷ್ಟೇ. ಮುಂದೆ ಸಿಗುವ ತೂತುಗಳಿಗೆ ತೇಪೆ ಬರುವುದಿಲ್ಲ. ಬ್ಯಾಂಕ್ ಕೆಲಸ ಮಾಡುವವರು ಹಾಗೇ ಬಿಟ್ಟು ಕೂರುವುದು ಬೇಡ, ಆದರೆ ಗಾಬರಿಯಾಗಿ ಈ ವಾರವೇ ಸಾಲ ಮಾಡಿ ಹೊಸದು ಕೊಳ್ಳುವುದೂ ಬೇಡ.

ನಿಮ್ಮ ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಸುಮಾರಾಗಿ 8ನೇ ಜನರೇಷನ್‌ನಿಂದ ಮೇಲೆ ಇರಬೇಕು. ನಿಮ್ಮದು 6ನೆಯದು, ಅಧಿಕೃತವಾಗಿ ಬರುವುದಿಲ್ಲ. ರೂಫಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಿಂದ ಈ ತಪಾಸಣೆ ತಪ್ಪಿಸಿ ಪೆನ್‌ಡ್ರೈವ್ ಮಾಡಿ ಹಾಕುವವರಿದ್ದಾರೆ, ಓಡುತ್ತದೆ ಕೂಡ. ಆದರೆ ಇಂಥ ಮಷೀನ್‌ಗೆ ಅಪ್‌ಡೇಟ್ ಕೊಟ್ಟೇ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಅಂತೂ ತಾನಾಗಿ ಬರುವುದಿಲ್ಲ, ಪ್ರತಿ ಸಲ ಯಾರಾದರೂ ಕೂತು ಕೈಯಾರೆ ಹಾಕಬೇಕು. ಅದೂ 4 ಜಿಬಿಯಲ್ಲಿ. ಮೈಕ್ರೋಸಾಫ್ಟ್ ಪಟ್ಟಿಯಲ್ಲಿ 4 ಜಿಬಿ ಸಾಕು ಅಂತಿದೆ. ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್ ತೆರೆದು ಎಕ್ಸೆಲ್ ತೆರೆಯಿರಿ, ಸಾಕೋ ಸಾಲದೋ ಆಗ ಗೊತ್ತಾಗುತ್ತದೆ.

ನಿಮಗೆ ಕೂಡಲೇ ಆಗುವ ದಾರಿ ಇನ್ನೊಂದಿದೆ. ವಿಂಡೋಸ್ 10ಕ್ಕೇ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಯೋಜನೆ, ಇಎಸ್‌ಯು ಅಂತ. ಮನೆ ಬಳಕೆಯವರಿಗೆ ಅದನ್ನು ಪ್ರಕಟಿಸಿದ್ದು 2026ರ ಅಕ್ಟೋಬರ್ 13ರವರೆಗೆ. ನಿಮ್ಮದು 22ಎಚ್2 ಆವೃತ್ತಿ ಆಗಿರಬೇಕು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದರೆ ದುಡ್ಡಿಲ್ಲ, ಇಲ್ಲವೆಂದರೆ 30 ಡಾಲರ್. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಕೊಂಡಿ ಕಾಣಿಸುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಯಾಕೆ ಹೇಳ್ತಾರೆ ಹೇಳಿ?

ಮತ್ತೆ ಯಾವ ದಾರಿ ಹಿಡಿದರೂ ಆ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ, ಅಂದರೆ ಒಳಗೆ ಏನೂ ತಿರುಗದ ವೇಗದ ಡಿಸ್ಕ್, ಹಾಕಿಸಿ. ವಿಂಡೋಸ್ ನಿಧಾನ, ಲಿನಕ್ಸ್ ಫಾಸ್ಟ್ ಅಂತ ಜನ ಜಗಳ ಆಡುವುದರಲ್ಲಿ ಮುಕ್ಕಾಲು ಪಾಲು ಅಪರಾಧ ತಿರುಗುವ ಡಿಸ್ಕಿನದು. ಹಳೇ ಡಿಸ್ಕನ್ನು ಬಿಸಾಡಬೇಡಿ, ಒಂದು ಕೇಸ್ ತಗೊಂಡು ಹಾಕಿದರೆ ಬ್ಯಾಕಪ್‌ಗೆ ಆಗುತ್ತದೆ.

ಪೆಂಗ್ವಿನ್ ಪ್ರೇಮಿ

ವಿಂಡೋಸ್ ಎಂಬ ಕಾಟವೇ ಬೇಡ. ಲಿನಕ್ಸ್‌ನಲ್ಲೇ ಮಿಂಟ್ ಅಂತ ಒಂದು ಬಗೆ ಇದೆ, ಅದನ್ನು ಹಾಕಿ ನೆಮ್ಮದಿಯಾಗಿರಿ. ವೈರಸ್ ತಲೆನೋವಿಲ್ಲ, ಜಾಹೀರಾತಿಲ್ಲ, ಕೆಲಸದ ನಡುವೆ ರೀಸ್ಟಾರ್ಟ್ ಇಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಕೂಡ ಬಳಸುತ್ತಾರೆ.

ಸೇವಾ ಕೇಂದ್ರ, ಸಿಂಧನೂರು ಕಡೆ

ಪೆಂಗ್ವಿನ್ ಅವರೇ, ನಿಮ್ಮ ಅಜ್ಜಿ ಬ್ರೌಸರ್ ಬಿಟ್ಟು ಬೇರೇನು ತೆರೆಯುತ್ತಾರೆ? ತಮಾಷೆಗೆ ಕೇಳುತ್ತಿಲ್ಲ. ವಿಷಯ ನಿಂತಿರುವುದೇ ಅಲ್ಲಿ.

ನಾನು ಆನ್‌ಲೈನ್ ಅರ್ಜಿ ಹಾಕಿಕೊಡುವ ಕೇಂದ್ರ ನಡೆಸುತ್ತೇನೆ. ಸರ್ಕಾರದ ವೆಬ್‌ಸೈಟ್‌ಗಳಿಗೆ ವಿಂಡೋಸ್ಸೇ ಬೇಕು ಅನ್ನುವ ಕಾಲ ಹೋಯಿತು, ಹೆಚ್ಚಿನವು ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಯಾವ ಸಿಸ್ಟಮ್ ಆದರೂ ತೆರೆಯುತ್ತವೆ. ತಕರಾರು ಬರುವುದು ಯುಎಸ್‌ಬಿಗೆ ಏನನ್ನಾದರೂ ಚುಚ್ಚಿದಾಗ. ಆಧಾರ್ ಬೆರಳಚ್ಚು ತೆಗೆದುಕೊಳ್ಳುವ ಸಾಧನಕ್ಕೆ ಆರ್‌ಡಿ ಸರ್ವೀಸ್ ಅಂತ ಒಂದು ಸಾಫ್ಟ್‌ವೇರ್ ಬೇಕು, ಅದು ಹೆಚ್ಚಾಗಿ ಸಿಗುವುದು ವಿಂಡೋಸ್‌ಗೆ ಮತ್ತು ಆಂಡ್ರಾಯ್ಡ್‌ಗೆ. ಡಿಜಿಟಲ್ ಸಹಿ ಇಟ್ಟಿರುವ ಪೆನ್‌ಡ್ರೈವ್ ಥರದ ಟೋಕನ್ ಇದೆಯಲ್ಲ, ಅದಕ್ಕೆ ಲಿನಕ್ಸ್ ಡ್ರೈವರ್ ಇದ್ದರೂ ಕೂರಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಲೆಕ್ಕಪತ್ರದ ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ಹಾಗಾಗಿ ನನ್ನ ಕೌಂಟರ್ ಕಂಪ್ಯೂಟರ್ ವಿಂಡೋಸ್, ಅದರಲ್ಲಿ ನನಗೆ ಚರ್ಚೆಯೇ ಇಲ್ಲ. ಮನೆಯಲ್ಲಿ ಮಿಂಟ್ ಇದೆ, ಅದೂ ಚೆನ್ನಾಗಿದೆ.

ಮೇಡಂ, ನಿಮ್ಮದು ಟೈಲರಿಂಗ್. ಜಿಎಸ್‌ಟಿ ನೋಂದಣಿ ಇದ್ದರೂ ಒಬ್ಬರೇ ಮಾಲೀಕರಾದರೆ ಮೊಬೈಲ್‌ಗೆ ಬರುವ ಓಟಿಪಿಯಲ್ಲೇ ರಿಟರ್ನ್ ಮುಗಿಯುತ್ತದೆ. ಡಿಜಿಟಲ್ ಸಹಿ ಕಡ್ಡಾಯ ಇರುವುದು ಕಂಪನಿ, ಎಲ್‌ಎಲ್‌ಪಿಗಳಿಗೆ. ಆ ಕಡೆಯಿಂದ ನಿಮಗೆ ತೊಂದರೆ ಇಲ್ಲ. ಈಗ ಎರಡು ಹೇಳಿ. ಪ್ರಿಂಟರ್ ಯಾವುದು? ನಿಮ್ಮ ಮಾವ ಕನ್ನಡ ಟೈಪ್ ಮಾಡುವುದು ಯಾವುದರಲ್ಲಿ?

ಸಾಗರದ ಸೊಸೆ

ಮಾವ ನುಡಿಯಲ್ಲಿ ಬರೆಯುತ್ತಾರೆ. ಬಹಳ ಹಳೇ ನುಡಿ, ಅಂಗಡಿಯವರು ಸಿಡಿಯಿಂದ ಹಾಕಿಕೊಟ್ಟಿದ್ದು. ವರ್ಡ್‌ನಲ್ಲಿ ನುಡಿ 01 ಇ ಅಂತ ಅಕ್ಷರ ಆರಿಸಿಕೊಂಡು ಟೈಪ್ ಮಾಡುತ್ತಾರೆ. ಒಂದು ಫೋಲ್ಡರ್ ತುಂಬ ಲೇಖನಗಳಿವೆ, ಅದು ಹೋದರೆ ಮನೆಯಲ್ಲಿ ನನಗೆ ಊಟ ಇಲ್ಲ. ಪ್ರಿಂಟರ್ ಒಂದು ಹಳೇ ಲೇಸರ್, ಕಪ್ಪು ಬಿಳುಪು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ವರ್ಡ್, ಎಕ್ಸೆಲ್ಲಿಗೆ ದುಡ್ಡು ಕೊಟ್ಟ ನೆನಪಿಲ್ಲ. ಅಂಗಡಿಯವರೇ ಹಾಕಿಕೊಟ್ಟಿದ್ದರು.

ಗದಗ ಡಿಟಿಪಿ

ಈಗ ನನ್ನ ಹೊಲಕ್ಕೆ ಬಂದಿರಿ. ಎಲ್ಲರೂ ವಿಂಡೋಸ್ ಲಿನಕ್ಸ್ ಅಂತ ಹೊಡೆದಾಡುತ್ತಿದ್ದಾರೆ, ನಿಮ್ಮ ಮನೆಯ ನಿಜವಾದ ಗಂಟು ಇರುವುದು ಮಾವನವರ ಆ ಫೋಲ್ಡರ್‌ನಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹಳೇ ನುಡಿಯ ಕಡತದಲ್ಲಿ ಕನ್ನಡ ಅಂತ ಏನೂ ಇರುವುದಿಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತು ತಲೆ ಮೇಲೆ ಗೆರೆ ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳು. ನುಡಿ ಫಾಂಟ್ ಆ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತದೆ. ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ನಿಮ್ಮ ಮಾವ ಲೇಖನವನ್ನು ವಾಟ್ಸಾಪ್‌ನಲ್ಲಿ ಕಳಿಸಿದಾಗ ಫೋನಿನಲ್ಲಿ ತೆರೆದವರು ಏನೋ ಕಸ ಬಂದಿದೆ ಸರ್ ಅಂದಿರುತ್ತಾರೆ, ಅಲ್ವಾ? ಅದು ಇದೇ. ವಿಂಡೋಸ್ 11ಕ್ಕೆ ಹೋದರೂ ಈ ಕಾಯಿಲೆ ಜೊತೆಗೇ ಬರುತ್ತದೆ, ಅಲ್ಲಿ ನುಡಿ ಓಡುತ್ತದೆ ಅನ್ನುವುದಷ್ಟೇ ಸಮಾಧಾನ.

ಲಿನಕ್ಸ್‌ನಲ್ಲಿ ಏನಾಗುತ್ತದೆ? ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು, ಮಿಂಟ್‌ನಲ್ಲಿ ನೇರವಾಗಿ ಓಡುವುದಿಲ್ಲ. ಆದರೆ ಫಾಂಟ್ ಓಡುತ್ತದೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಹೆಸರಿನ ಫಾಂಟ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಮಿಂಟ್‌ನಲ್ಲಿ ಒಂದೊಂದನ್ನೂ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ವರ್ಡ್, ಎಕ್ಸೆಲ್ ಬದಲಿಗೆ ಅಲ್ಲಿರುವ ಲಿಬ್ರೆ ಆಫೀಸ್‌ನಲ್ಲಿ ಹಳೇ ಕಡತ ತೆರೆಯಿರಿ. ಕನ್ನಡ ಕಾಣುತ್ತದೆ. ಓದಬಹುದು, ಪ್ರಿಂಟ್ ತೆಗೆಯಬಹುದು. ತೆರೆಯುವ ಮೊದಲು ಒಂದು ಕೆಲಸ ಮಾತ್ರ ಮರೆಯಬೇಡಿ. ಲಿಬ್ರೆ ಆಫೀಸ್‌ನಲ್ಲಿ ಆಟೋ ಕರೆಕ್ಟ್ ಆಫ್ ಮಾಡಿ. ಇಲ್ಲದಿದ್ದರೆ ಕಡತವನ್ನು ತಿದ್ದಲು ಕೂತಾಗ ಅದು ವಾಕ್ಯದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡುತ್ತದೆ. ಇಂಗ್ಲಿಷ್‌ಗೆ ಸರಿ, ಇಲ್ಲಿ ಕ್ಯಾಪಿಟಲ್ ಆದರೆ ಕನ್ನಡದ ಅಕ್ಷರವೇ ಬದಲಾಗಿ ಕೂರುತ್ತದೆ. ವರ್ಡ್‌ನಲ್ಲೂ ಇದೇ ಕಥೆ.

ಹೊಸದಾಗಿ ಬರೆಯುವುದು ಯುನಿಕೋಡ್‌ನಲ್ಲೇ ಆಗಲಿ, ಅಂದರೆ ಯಾವ ಫೋನ್, ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರದಲ್ಲಿ, ಸಿಸ್ಟಮ್ ಯಾವುದಾದರೂ ಸರಿ. ಇಲ್ಲಿ ಹಿರಿಯರು ಹೆದರುವುದು ಕೀಲಿಮಣೆಗೆ. ವರ್ಷಗಟ್ಟಲೆ ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಬೆರಳು ಒಗ್ಗಿರುತ್ತದೆ, ಎಫ್ ಒತ್ತಿ ಒತ್ತಕ್ಷರ ಮಾಡುವುದು ನಿದ್ದೆಯಲ್ಲೂ ಬರುತ್ತದೆ. ಅದು ಲಿನಕ್ಸ್‌ನಲ್ಲೂ ಇದೆ! ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಗೆ ಎಂ17ಎನ್ ಪ್ಯಾಕೇಜ್ ಸೇರಿಸಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಬರುತ್ತದೆ, ಅದೇ ಇದು. ಒಮ್ಮೆ ಲಾಗೌಟ್ ಆಗಿ ಬಂದರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಕನ್ನಡ ಇಂಗ್ಲಿಷ್ ಬದಲಿಸಬಹುದು. ತಮ್ಮನಿಗೆ ಹೇಳಿ, ಟೀ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತಾನೆ. ವಿಂಡೋಸ್‌ನಲ್ಲೇ ಉಳಿಯುವುದಾದರೆ ಹೊಸ ನುಡಿಯಲ್ಲಿ ಯುನಿಕೋಡ್ ಇದೆ, ಅದನ್ನು ಹಾಕಿಕೊಳ್ಳಿ.

ಹಳೇ ಲೇಖನಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ನೆಟ್‌ನಲ್ಲೇ ಸಿಗುತ್ತವೆ. ಅರ್ಕಾವತ್ತು ಇರುವ ಕಡೆ, ದೀರ್ಘದ ಕಡೆ ಒಮ್ಮೊಮ್ಮೆ ತಪ್ಪುತ್ತವೆ, ಕಣ್ಣಾಡಿಸಬೇಕು. ದಪ್ಪಕ್ಷರ, ಟೇಬಲ್ ಎಲ್ಲ ಹೋಗಿ ಬರೀ ಪಠ್ಯ ಉಳಿಯುತ್ತದೆ. ಲೇಖನಕ್ಕೆ ಅಷ್ಟು ಸಾಕು. ಲಾಭ ಏನೆಂದರೆ ಆಮೇಲೆ ಹುಡುಕಬಹುದು. ಈಗ ಮಾವನವರು ಹತ್ತು ವರ್ಷದ ಹಿಂದೆ ಅಡಿಕೆ ಬಗ್ಗೆ ಬರೆದ ಸಾಲು ಎಲ್ಲಿದೆ ಅಂತ ಹುಡುಕಿದರೆ ಯಾವ ಕಂಪ್ಯೂಟರೂ ಹೇಳಲ್ಲ, ಅದಕ್ಕೆ ಅಡಿಕೆ ಅನ್ನುವ ಪದವೇ ಕಾಣಿಸುತ್ತಿಲ್ಲ.

ನನ್ನ ಕಥೆ ಬೇರೆ. ಪೇಜ್‌ಮೇಕರ್, ಕೋರೆಲ್ ಡ್ರಾ ಬಿಟ್ಟು ಪ್ರೆಸ್ಸಿನವರ ಬದುಕು ನಡೆಯುವುದಿಲ್ಲ, ಮದುವೆ ಪತ್ರಿಕೆ ಸೀಸನ್‌ನಲ್ಲಿ ಹೊಸ ಪ್ರಯೋಗಕ್ಕೆ ಯಾರಿಗೂ ಧೈರ್ಯ ಇಲ್ಲ. ನಾನು ವಿಂಡೋಸ್ ಬಿಡಲ್ಲ. ನೀವು ಬಿಡಬಹುದು.

ಎಸ್‌ಪಿ ರೋಡ್ ಹುಳ

ಪ್ರಿಂಟರ್ ವಿಷಯ. ಎಚ್‌ಪಿ ಆದರೆ ಎಚ್‌ಪಿಎಲ್‌ಐಪಿ ಎಂಬ ಡ್ರೈವರ್ ಇದೆ, ಹೆಚ್ಚಿನ ಮಾದರಿಗಳು ಸಲೀಸಾಗಿ ನಡೆಯುತ್ತವೆ. ಈಗಿನ ವೈಫೈ ಪ್ರಿಂಟರ್‌ಗಳಿಗೆ ಎಷ್ಟೋ ಸಲ ಡ್ರೈವರ್ ಕೂಡ ಬೇಡ. ಆದರೆ ಹಳೇ ಯುಎಸ್‌ಬಿ ಲೇಸರ್‌ಗಳಲ್ಲಿ ಕೆಲವು ಲಿನಕ್ಸ್ ಅಂದರೆ ಮುಖ ತಿರುಗಿಸುತ್ತವೆ. ನಮ್ಮ ಆಫೀಸಿನಲ್ಲೂ ಅಂಥದ್ದೊಂದಿದೆ, ಹೆಸರು ಬೇಡ. ಮೊದಲ ಪುಟ ಬರುತ್ತದೆ, ಎರಡನೆಯದಕ್ಕೆ ನಿಲ್ಲುತ್ತದೆ. ಮೇಡಂ ಮಾದರಿ ಸಂಖ್ಯೆ ಹಾಕಿ ಲಿನಕ್ಸ್ ಅಂತ ಸೇರಿಸಿ ಮೊದಲೇ ಹುಡುಕಿ ನೋಡಿ.

ಮತ್ತೆ ಅಂಗಡಿಯವರು ಹಾಕಿಕೊಟ್ಟ ಆಫೀಸ್ ಅಂದಿರಲ್ಲ, ಅದು ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬೀಗ ಮುರಿದು ಹಾಕಿದ ಕಳ್ಳ ಪ್ರತಿ. ಊರೆಲ್ಲ ಅದೇ ಇದೆ, ನಿಮ್ಮನ್ನು ಬೈಯುತ್ತಿಲ್ಲ. ಕ್ರ್ಯಾಕ್ ಮಾಡುವ ಪ್ರೋಗ್ರಾಂ ಕೂರಿಸುವಾಗ ಮೊದಲು ಆಂಟಿವೈರಸ್ ಆಫ್ ಮಾಡು ಅಂತ ಕೇಳುತ್ತದೆ. ಬಾಗಿಲು ತೆಗೆದು ಒಳಗೆ ಕರೆದ ಮೇಲೆ ಅದರ ಜೊತೆ ಇನ್ನು ಯಾರು ಬಂದರು ಅಂತ ಯಾರಿಗೆ ಗೊತ್ತು? ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹಾಕುತ್ತೀರಿ. ನನಗೆ ಕೇಳಿದರೆ ಅಪ್‌ಡೇಟ್ ನಿಂತದ್ದಕ್ಕಿಂತ ಇದು ಜಾಸ್ತಿ ಅಪಾಯ. ಲಿಬ್ರೆ ಆಫೀಸ್ ವಿಂಡೋಸ್‌ಗೂ ಪುಕ್ಕಟೆ ಸಿಗುತ್ತದೆ. ಟೈಲರಿಂಗ್ ಲೆಕ್ಕಕ್ಕೆ ಬೇಕಾದ ಕೂಡು ಕಳೆ, ಫಿಲ್ಟರ್ ಎಲ್ಲ ಅದರ ಕ್ಯಾಲ್ಕ್‌ನಲ್ಲಿದೆ. ಮೊದಲು ವಿಂಡೋಸ್‌ನಲ್ಲೇ ಅದನ್ನು ಹಾಕಿ ಬಳಸಿ ನೋಡಿ. ಅದು ಒಗ್ಗಿದರೆ ಲಿನಕ್ಸ್‌ಗೆ ಹೋಗುವುದು ಅರ್ಧ ಆದಂತೆ.

ಮ್ಯಾಕ್ ಮಂಜ

ಇಷ್ಟೆಲ್ಲ ಯಾಕೆ, ಒಂದು ಮ್ಯಾಕ್‌ಬುಕ್ ತಗೊಂಡರೆ ಮುಗಿಯಿತು.

ಸೇವಾ ಕೇಂದ್ರ, ಸಿಂಧನೂರು ಕಡೆ

ಮಂಜಣ್ಣ, ಪ್ರಶ್ನೆಯ ಎರಡನೇ ಪ್ಯಾರಾ ಓದು.

ಕಾಸರಗೋಡು ಟೀಚರ್

ಮಗನ ಬಗ್ಗೆ ಯಾರೂ ಬರೆಯಲಿಲ್ಲ, ಹಾಗಾಗಿ ನಾನು. ನಮ್ಮದು ಕೇರಳದ ಕನ್ನಡ ಮಾಧ್ಯಮ ಶಾಲೆ. ಇಲ್ಲಿ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಹೊಸ ಸುದ್ದಿಯೇ ಅಲ್ಲ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರುವಾಯಿತು, 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿ ಆಯಿತು. ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್ ಆಧಾರದ ಮೇಲೆ ಅವರೇ ಸಿದ್ಧಪಡಿಸಿದ ಲಿನಕ್ಸ್ ಶಾಲೆಯ ಕಂಪ್ಯೂಟರ್‌ಗಳಲ್ಲಿದೆ. ಹತ್ತನೇ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. ನಮ್ಮ ಮಕ್ಕಳು ಜಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾ, ಪೈಥಾನ್ ಎಲ್ಲ ಅದರಲ್ಲೇ ಮಾಡುತ್ತಾರೆ. ಅವರ್ಯಾರಿಗೂ ಇದು ಕಷ್ಟದ ಸಿಸ್ಟಮ್ ಅಂತ ಯಾರೂ ಹೇಳಿಕೊಟ್ಟಿಲ್ಲ, ಹಾಗಾಗಿ ಕಷ್ಟವೂ ಅನ್ನಿಸುವುದಿಲ್ಲ! ಹೆದರುವುದು ವಿಂಡೋಸ್‌ನಲ್ಲಿ ಬೆಳೆದ ನಾವು ದೊಡ್ಡವರು.

ಪೈಥಾನ್ ಕಲಿಯುವ ಹುಡುಗನಿಗೆ ಲಿನಕ್ಸ್ ಒಳ್ಳೆಯದೇ, ಪೈಥಾನ್ ಅದರಲ್ಲಿ ಮೊದಲೇ ಇರುತ್ತದೆ. ಸಿಇಟಿ ಅರ್ಜಿ ಬ್ರೌಸರ್ ಕೆಲಸ. ಒಂದು ಎಚ್ಚರಿಕೆ. ಮನೆಯಿಂದಲೇ ಕ್ಯಾಮೆರಾ ಮುಂದೆ ಕೂತು ಬರೆಯುವ ಕೆಲವು ಪರೀಕ್ಷೆಗಳಿಗೆ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಲು ಹೇಳುತ್ತಾರೆ, ಅವು ಲಿನಕ್ಸ್‌ನಲ್ಲಿ ಹಲವು ಸಲ ಓಡುವುದಿಲ್ಲ. ಸೇಫ್ ಎಗ್ಸಾಮ್ ಬ್ರೌಸರ್ ಅಂತ ಒಂದಿದೆ, ಅದು ವಿಂಡೋಸ್ ಮತ್ತು ಆಪಲ್ ಸಾಧನಗಳಿಗಷ್ಟೇ. ಕಾಲೇಜಿಗೆ ಸೇರಿದ ಮೇಲೆ ಅಂಥದ್ದು ಬರಬಹುದು.

ಇನ್ನು ಟೈಪಿಂಗ್. ಮಗನಿಗೆ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸ ಕಲಿಸಿದರೆ ಒಳ್ಳೆಯದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಮೊದಲೇ ಇರುತ್ತದೆ, ಏನೂ ಇಳಿಸಿಕೊಳ್ಳಬೇಕಿಲ್ಲ. ಮಾವನವರಿಗೆ ಈ ವಯಸ್ಸಿನಲ್ಲಿ ಬೇಡ, ಅವರ ಬೆರಳು ಅವರದು.

ಪೆಂಗ್ವಿನ್ ಪ್ರೇಮಿ

ಸರಿ, ನಾನೂ ಸ್ವಲ್ಪ ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ. 4 ಜಿಬಿಗೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ, ಅದು ಹಗುರ. ಮಿಂಟ್ 22 ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಇದೆ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ನೋಡಲು ಹಳೇ ವಿಂಡೋಸ್ ಥರಾನೇ.

ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಬಹುದು, ಇದು ತುಂಬ ಜನಕ್ಕೆ ಗೊತ್ತಿಲ್ಲ. ರೂಫಸ್‌ನಿಂದ ಪೆನ್‌ಡ್ರೈವ್‌ಗೆ ಬರೆದು, ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್ ಆರಿಸಿ. ಒಳಗಿನ ಡಿಸ್ಕನ್ನು ಅದು ಮುಟ್ಟುವುದಿಲ್ಲ. ಆಗಲೇ ಎಲ್ಲ ಪರೀಕ್ಷೆ ಮಾಡಿ. ವೈಫೈ ಬರುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರ್ ಎರಡನೇ ಪುಟ ಕೊಡುತ್ತದಾ, ನುಡಿ ಕಡತ ತೆರೆಯುತ್ತದಾ. ಪೆನ್‌ಡ್ರೈವ್‌ನಿಂದ ಓಡುವುದು ನಿಧಾನ, ಅದನ್ನು ನೋಡಿ ಇಷ್ಟೇನಾ ಅಂದುಕೊಳ್ಳಬೇಡಿ. ವೈಫೈ ಬಾರದಿದ್ದರೆ ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ನೆಟ್ ಬರುತ್ತದೆ, ಡ್ರೈವರ್ ಮ್ಯಾನೇಜರ್‌ನಿಂದ ವೈಫೈ ಡ್ರೈವರ್ ಇಳಿಸಿಕೊಳ್ಳಬಹುದು.

ಎರಡೂ ಸಿಸ್ಟಮ್ ಇಟ್ಟುಕೊಂಡರೆ ಒಂದು ವಿಚಿತ್ರ ಕಾಣುತ್ತದೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದಕ್ಕೆ ಹೋಗಿರುತ್ತದೆ. ಲ್ಯಾಪ್‌ಟಾಪ್ ಕೆಟ್ಟಿಲ್ಲ. ಒಳಗಿನ ಗಡಿಯಾರದಲ್ಲಿರುವುದು ನಮ್ಮೂರಿನ ಸಮಯ ಅಂತ ವಿಂಡೋಸ್ ತಿಳಿಯುತ್ತದೆ, ಲಿನಕ್ಸ್ ಅಲ್ಲಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಬರೆದಿಡುತ್ತದೆ. ಲಿನಕ್ಸ್‌ನಲ್ಲಿ ಒಂದು ಸಾಲಿನ ಕಮಾಂಡ್‌ನಿಂದ ಸರಿಹೋಗುತ್ತದೆ, ತಮ್ಮನಿಗೆ ಗೊತ್ತಿರುತ್ತದೆ.

ಸಾಗರದ ಸೊಸೆ

ಎಲ್ಲರಿಗೂ ತುಂಬಾ ಧನ್ಯವಾದ. ಮಾವನಿಗೆ ಓದಿ ಹೇಳಿದೆ. ಫೋನಿನಲ್ಲಿ ಕಸ ಬರುವುದು ಪೇಪರಿನವರ ತಪ್ಪು ಅಂತ ಇಷ್ಟು ದಿನ ಅವರನ್ನೇ ಬೈಯುತ್ತಿದ್ದರಂತೆ! ಕೆಜಿಪಿ ಇದೆ ಅಂದದ್ದಕ್ಕೆ ಒಪ್ಪಿದ್ದಾರೆ, ಆದರೆ ಹಳೆಯದು ಇರಲೇಬೇಕು ಅಂದರು. ಹಾಗಾಗಿ ಎಸ್‌ಎಸ್‌ಡಿ ಹಾಕಿಸಿ ಮಿಂಟ್ ಅದರಲ್ಲಿ, ಹಳೇ ಡಿಸ್ಕ್ ವಿಂಡೋಸ್ ಸಮೇತ ಪೆಟ್ಟಿಗೆಯಲ್ಲಿ ಹಾಗೇ ಇರಲಿ ಅಂತ ಯೋಚನೆ. ಕ್ರ್ಯಾಕ್ ಇರುವುದರಲ್ಲಿ ಬ್ಯಾಂಕ್ ಕೆಲಸ ಇವತ್ತಿಂದಲೇ ನಿಲ್ಲಿಸಿದೆ. ಹೀಗೆ ಮಾಡಿದರೆ ನಡೆಯುತ್ತದಾ? ಡಿಸ್ಕ್ ತೆಗೆಯುವ ಮುಂಚೆ ಏನಾದರೂ ನೋಡಿಕೊಳ್ಳಬೇಕಾ?

ಎಸ್‌ಪಿ ರೋಡ್ ಹುಳ

ನಡೆಯುತ್ತದೆ, ನಿಮ್ಮ ಮನೆಗೆ ಸರಿಯಾದ ದಾರಿ ಇದೇ. ಡಿಸ್ಕ್ ತೆಗೆಯುವ ಮೊದಲು ಅದರಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಡಿಸ್ಕಿನ ಬೀಗ ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ಒಂದು ಹಾಳೆಯಲ್ಲಿ ಬರೆದಿಡಿ, ಇಲ್ಲ ಪೂರ್ತಿ ಆಫ್ ಮಾಡಿ. ಕೀ ಇಲ್ಲದೆ ಮಿಂಟ್‌ನಿಂದ ಆ ಡಿಸ್ಕ್ ತೆರೆಯಲು ಹೋದರೆ ಮಾವನವರ ಫೋಲ್ಡರ್ ಸಿಗುವುದಿಲ್ಲ. ಆಮೇಲೆ ಶಟ್‌ಡೌನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿದು ಮಾಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ವಿಂಡೋಸ್ ಪೂರ್ತಿ ಆಫ್ ಆಗಿರುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ, ಲಿನಕ್ಸ್ ಅಂಥ ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ.

ಲೇಖನದ ಫೋಲ್ಡರ್, ನುಡಿ ಫಾಂಟ್, ಟೈಲರಿಂಗ್ ಲೆಕ್ಕ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಇವಿಷ್ಟನ್ನು ಬೇರೆ ಪೆನ್‌ಡ್ರೈವ್‌ಗೂ ಹಾಕಿಕೊಳ್ಳಿ. ರ್‍ಯಾಮ್‌ಗೆ ಇನ್ನೊಂದು ಸ್ಲಾಟ್ ಖಾಲಿ ಇದೆಯಾ ಅಂತ ಅಂಗಡಿಯಲ್ಲಿ ಬಿಚ್ಚಿದಾಗಲೇ ನೋಡಿಸಿ.

ಗದಗ ಡಿಟಿಪಿ

ಫಾಂಟ್ ಕಾಪಿ ಮಾಡುವಾಗ 01 ಇ ಒಂದೇ ಅಲ್ಲ, ನುಡಿ ಅಂತ ಶುರುವಾಗುವ ಎಲ್ಲವನ್ನೂ ತಗೊಳ್ಳಿ. ತಲೆಬರಹಕ್ಕೆ ಮೇಷ್ಟ್ರು ಬೇರೆ ಯಾವುದೋ ಬಳಸಿರುತ್ತಾರೆ.